ಅಪ್ಪ ಟ್ರೇನಿನಲ್ಲಿ ಆಡಿದ ಮಾತುಗಳು

ಮಾತು ಕಡಿಮೆ ಇರುವವರನ್ನು ಕರೆಯಲು ನಮ್ಮ ಮನೆಯಲ್ಲಿ ಹೆಸರುಗಳಿಗೇನೂ ಬರವಿರಲಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಮೌನಗೌರಿ ಅನ್ನುತ್ತಿದ್ದರು. ಅದರಲ್ಲಿ ಸ್ವಲ್ಪ ಮುದ್ದಾದರೂ ಇತ್ತು. ದೊಡ್ಡವಳಾಗುತ್ತ, ಕೇಳಿದ್ದಕ್ಕೆ ತಲೆಯಾಡಿಸಿ ಸುಮ್ಮನಾಗುವುದು ಹಿರಿಯರಿಗೆ ಸೊಕ್ಕಿನಂತೆ ಕಾಣತೊಡಗಿತು. ಆಗ ಗುಮ್ಮನಗುಸುಕಿ ಆದೆ. ಗುಮ್ಮನಗುಸುಕಿ ಅಂದರೆ ಒಳಗೊಳಗೇ ಏನೋ ಮಸಲತ್ತು ನಡೆಸುವವಳು ಅಂತ. ನಾನು ಯಾವ ಮಸಲತ್ತನ್ನೂ ನಡೆಸುತ್ತಿರಲಿಲ್ಲ, ಹೆಚ್ಚೆಂದರೆ ಕಿಟಕಿಯಾಚೆ ನೋಡುತ್ತಿದ್ದೆ. ನೆಂಟರ ಮನೆಯಲ್ಲಿ ಯಾರಾದರೂ ನನ್ನ ಪಾಲಿನದನ್ನು ಕಸಿದುಕೊಂಡಾಗ ಜಗಳವಾಡದೆ ಬಂದರೆ ಬಾಯಿ ಸತ್ತಾಕಿ. ಶಾಲೆಯಲ್ಲಿ ದಖನಿ ಮಾತಾಡುವ ಗೆಳತಿಯರು ಗುಮ್‌ಸುಮ್ ಅಂದರು. ಅಪ್ಪನೂ ನನ್ನ ಹಾಗೆಯೇ ಇದ್ದ, ನನಗಿಂತ ಒಂದು ಕೈ ಮೇಲು. ಆದರೆ ಗಂಡಸಾದ್ದರಿಂದ ಅವನದು ‘ಗಂಭೀರ ಮನುಷ್ಯ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿತ್ತು. ಈ ಅನ್ಯಾಯ ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಅಪ್ಪ ಕೊಪ್ಪಳದ ಕಡೆಯವನು. ರಕ್ಷಣಾ ಇಲಾಖೆಯ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿ ಮದುವೆಗೆ ಮೊದಲೇ ಹೈದರಾಬಾದಿಗೆ ಬಂದವನು. ಕಚೇರಿ ಸಿಕಂದರಾಬಾದಿನಲ್ಲಿ, ನಮ್ಮ ಮನೆ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದುಗಡೆ. ಅವ್ವನೂ ಅದೇ ಸೀಮೆಯವಳು, ಆದರೆ ಅವರ ಮನೆತನದ ರೀತಿಯೇ ಬೇರೆ. ಅವರಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕದಿದ್ದರೆ ಏನೋ ಮುನಿಸಿದೆ ಅಂತ ಅರ್ಥ. ಅವ್ವ ಇಲ್ಲಿಗೆ ಬಂದ ಹೊಸದರಲ್ಲೇ ತಳ್ಳುಗಾಡಿಯವರ ಹತ್ತಿರ ಚೌಕಾಸಿ ಮಾಡುತ್ತ ತೆಲುಗು ಕಲಿತಳು, ಪಕ್ಕದ ಮನೆಯವರೊಡನೆ ಹರಟುತ್ತ ಹಿಂದಿ ಕಲಿತಳು. ಅಪ್ಪ ಮಾತ್ರ ಇಡೀ ನೌಕರಿಯನ್ನು ಮೂರು ಭಾಷೆಗಳ ‘ಹ್ಞೂಂ’ನಲ್ಲಿ ಮುಗಿಸಿದ.

ಅಪ್ಪ ಕೆಟ್ಟ ಗಂಡನಾಗಿರಲಿಲ್ಲ. ಬೈದವನಲ್ಲ, ಹೊಡೆದವನಲ್ಲ, ಅವ್ವನಿಗೆ ಜ್ವರ ಬಂದರೆ ತಾನೇ ಗಂಜಿ ಕಾಯಿಸುತ್ತಿದ್ದ. ಆದರೆ ಅವ್ವನಿಗೆ ಬೇಕಾಗಿದ್ದದ್ದು ಮಾತು. ಸಂಜೆ ಅಪ್ಪ ಬಂದು ಕೈಕಾಲು ತೊಳೆದು ಕೂತ ಕೂಡಲೇ ಚಹಾ ತಂದು ಎದುರಿಗೆ ಕೂರುತ್ತಿದ್ದಳು.

“ಏನಾತ್ರಿ ಇವತ್ತು ಆಫೀಸಿನ್ಯಾಗ?”

“ಏನಿಲ್ಲ.”

“ಅಷ್ಟೊತ್ತು ಕುಂತು ಬಂದ್ರಿ, ಏನರ ಆಗಿರ್ತದಲ್ರೀ?”

ಅಪ್ಪ ನಿಜವಾಗಿಯೂ ಯೋಚಿಸುತ್ತಿದ್ದ. ಹುಬ್ಬು ಗಂಟಿಕ್ಕಿ, ಇಡೀ ದಿನವನ್ನು ಒಮ್ಮೆ ತಿರುವಿಹಾಕಿ, ಕೊನೆಗೆ ಮತ್ತೆ “ಏನಿಲ್ಲ” ಅನ್ನುತ್ತಿದ್ದ. ಅವ್ವ ಎದ್ದು ಹೋಗಿ ಒಳಗೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು. ಮರುದಿನ ಸಂಜೆ ಮತ್ತೆ ಚಹಾ ತಂದು ಕೂರುತ್ತಿದ್ದಳು. ಅವಳ ಆಸೆಗೆ ದಣಿವೇ ಇರಲಿಲ್ಲ.

ನನಗೆ ಬೇಗಂಪೇಟೆಯ ಒಂದು ಖಾಸಗಿ ಕಚೇರಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಅಪ್ಪನೂ ನಾನೂ ಒಂದೇ ಲೋಕಲ್ ಟ್ರೇನ್ ಹಿಡಿಯತೊಡಗಿದೆವು. ಲಿಂಗಂಪಲ್ಲಿಯಲ್ಲೇ ಗಾಡಿ ಹೊರಡುವುದರಿಂದ ಕೂರಲು ಜಾಗ ಸಿಗುತ್ತಿತ್ತು. ಕಿಟಕಿ ನನಗೆ, ಪಕ್ಕದ ಜಾಗ ಅಪ್ಪನಿಗೆ. ಚಂದಾನಗರ, ಹಫೀಜ್‌ಪೇಟೆ, ಹೈಟೆಕ್ ಸಿಟಿ, ಬೋರಬಂಡಾ ಅಂತ ಒಂದೊಂದೇ ಸ್ಟೇಷನ್ ಬಂದು ಹೋಗುತ್ತಿತ್ತು. ಜನ ತುಂಬಿಕೊಂಡು, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗಿ, ತೆಲುಗಿನಲ್ಲೂ ಹಿಂದಿಯಲ್ಲೂ ಗಲಾಟೆ ಎದ್ದರೂ ನಮ್ಮಿಬ್ಬರ ನಡುವೆ ಒಂದು ಮಾತೂ ಇರುತ್ತಿರಲಿಲ್ಲ. ಬಿಸಿಲು ನನ್ನ ಮುಖಕ್ಕೆ ಬಿದ್ದರೆ ಅಪ್ಪ ಕೈ ಚಾಚಿ ಶಟರ್ ಅರ್ಧ ಇಳಿಸುತ್ತಿದ್ದ. ಬೇಗಂಪೇಟೆ ಹತ್ತಿರವಾದಾಗ ಗದ್ದವನ್ನು ಸ್ವಲ್ಪ ಎತ್ತಿ ಇಳಿ ಅಂತ ಸೂಚಿಸುತ್ತಿದ್ದ. ನಾನು ಇಳಿಯುತ್ತಿದ್ದೆ. ಅವನು ಮುಂದಕ್ಕೆ ಸಿಕಂದರಾಬಾದಿಗೆ ಹೋಗುತ್ತಿದ್ದ. ದಿನದ ಉಳಿದ ಹೊತ್ತೆಲ್ಲ ಯಾರಿಗೋ ಏನೋ ಉತ್ತರ ಕೊಡುತ್ತಲೇ ಕಳೆಯಬೇಕಾಗಿದ್ದ ನನಗೆ ಆ ಪ್ರಯಾಣವೇ ಸುಖ. ಅವನಿಗೂ ಹಾಗೇ ಇತ್ತು ಅಂತ ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಅಂತ ಕೇಳಿದರೆ ಹೇಳಲು ಬರುವುದಿಲ್ಲ.

ನಮ್ಮ ಈ ಸ್ವಭಾವಕ್ಕೆ ಒಂದು ಇಂಗ್ಲಿಷ್ ಪದ ನನ್ನ ಕೈಗೆ ಸಿಕ್ಕಿದ್ದು ಕಚೇರಿಯವರು ಏರ್ಪಡಿಸಿದ ಒಂದು ತರಬೇತಿಯಲ್ಲಿ. ಒಂದು ಹೋಟೆಲಿನ ಸಭಾಂಗಣಕ್ಕೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದರು. ಚುರುಕಾದ ಒಬ್ಬ ಹುಡುಗಿ ಮೈಕು ಹಿಡಿದು ಪ್ರಶ್ನೆಗಳನ್ನು ಕೇಳಿದಳು. ಮದುವೆ ಮನೆಯಿಂದ ಬಂದ ಮೇಲೆ ನಿಮಗೆ ಹುರುಪು ಬಂದಿರುತ್ತದೋ ಸುಸ್ತಾಗಿರುತ್ತದೋ? ಫೋನ್ ಹೊಡೆದುಕೊಂಡರೆ ಎತ್ತುತ್ತೀರೋ, ನಿಲ್ಲಲಿ ಅಂತ ಕಾಯುತ್ತೀರೋ? ನಮ್ಮ ಉತ್ತರ ನೋಡಿ ನಮ್ಮನ್ನು ಎರಡು ಗೋಡೆಗಳ ಪಕ್ಕ ನಿಲ್ಲಿಸಿದಳು. ಆ ಗೋಡೆಯವರೆಲ್ಲ ಎಕ್ಸ್ಟ್ರೋವರ್ಟ್, ಈ ಗೋಡೆಯವರು ಇಂಟ್ರೋವರ್ಟ್. ಆ ಕಡೆ ಆಗಲೇ ಜಾತ್ರೆ ಶುರುವಾಗಿತ್ತು. ನಮ್ಮ ಗೋಡೆಯ ಜನ ಒಬ್ಬರ ಮುಖ ಒಬ್ಬರು ನೋಡದೆ ಮೊಬೈಲ್ ನೋಡುತ್ತ ನಿಂತಿದ್ದರು. ಒಳ್ಳೆಯ ಜನ. ಇದು ದೋಷವಲ್ಲ, ಒಂದು ಸ್ವಭಾವ ಅಷ್ಟೇ, ಇವರಿಗೆ ಒಳಗಿನಿಂದಲೇ ಶಕ್ತಿ ಬರುತ್ತದೆ ಅಂತ ಆ ಹುಡುಗಿ ಹೇಳಿದಾಗ ನನ್ನ ಕಣ್ಣು ತುಂಬಿದ್ದು ನಿಜ. ಅಷ್ಟು ವಯಸ್ಸಾದ ಮೇಲೆ, ಬೈಗುಳವಲ್ಲದ ಒಂದು ಹೆಸರು ಸಿಕ್ಕಿತ್ತು.

ಕನ್ನಡದಲ್ಲಿ ಇದಕ್ಕೆ ಅಂತರ್ಮುಖಿ ಅನ್ನುತ್ತಾರೆ. ಚೆಂದದ ಪದ, ಅದರ ಬಗ್ಗೆ ತಕರಾರಿಲ್ಲ. ಆದರೆ ಅದನ್ನು ಕೇಳಿದರೆ ಕಣ್ಣು ಮುಚ್ಚಿ ಕೂತ ಯಾರೋ ಸಾಧಕರು ನೆನಪಾಗುತ್ತಾರೆ. ತೊಡೆಯ ಮೇಲೆ ಟಿಫಿನ್ ಚೀಲ ಇಟ್ಟುಕೊಂಡು ಹಳಿಯುದ್ದಕ್ಕೂ ಒಣಹಾಕಿದ ಬಟ್ಟೆಗಳನ್ನು ನೋಡುತ್ತ ಹೋಗುವ ನನ್ನ ಅಪ್ಪನಿಗೆ ಅದು ದೊಡ್ಡ ಅಳತೆಯ ಅಂಗಿ.

ಮರುದಿನ ಟ್ರೇನಿನಲ್ಲಿ, ನಾನೇ ನಿಯಮ ಮುರಿದು, “ಅಪ್ಪಾ, ನಾವಿಬ್ಬರೂ ಇಂಟ್ರೋವರ್ಟ್ ಅಂತ” ಅಂದೆ. ಅಪ್ಪ ಹಫೀಜ್‌ಪೇಟೆಯಿಂದ ಬೋರಬಂಡಾದವರೆಗೆ ಆ ವಿಷಯವನ್ನು ಮನಸ್ಸಿನಲ್ಲೇ ಇಟ್ಟುಕೊಂಡು ನೋಡಿದ. ಆಮೇಲೆ “ಹೌದಾ” ಅಂದ. ಮುಖದಲ್ಲಿ ಸಣ್ಣ ನಗು ಇತ್ತು. ನನಗೆ ನೆನಪಿರುವಂತೆ ಆ ಗಾಡಿಯಲ್ಲಿ ನಾವು ಆಡಿದ ಅತಿ ಉದ್ದದ ಮಾತುಕತೆ ಅದೇ.

ಪದ ಮನೆಯೊಳಗೆ ಬಂದ ಮೇಲೆ ತನ್ನ ಪಾಡಿಗೆ ತಾನು ಓಡಾಡತೊಡಗಿತು. ಅವ್ವ ಅದನ್ನು ಬಿಪಿ, ಶುಗರ್ ಸಾಲಿಗೆ ಸೇರಿಸಿದಳು. “ಇಕಿಗೆ ಇಂಟ್ರೋವರ್ಟ್ ಐತ್ರೀ, ಅವರಪ್ಪನ ಕಡಿಂದ ಬಂದದ್ದು” ಅಂತ ಪಕ್ಕದ ಮನೆಯವರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ನನ್ನ ಮದುವೆಗೆ ಓಡಾಡುತ್ತಿದ್ದ ದಿನಗಳಲ್ಲಿ ಒಬ್ಬ ಮಧ್ಯಸ್ಥರು ಈ ಪದವನ್ನು ಬಹಳ ಮೆಚ್ಚಿಕೊಂಡು ಗಂಡಿನ ಕಡೆಯವರಿಗೆ ದಾಟಿಸುತ್ತಿದ್ದರು. ಅವರ ಬಾಯಲ್ಲಿ ಅದರ ಅರ್ಥ ಎದುರು ಮಾತಾಡದ ಹುಡುಗಿ ಅಂತ. ಕಚೇರಿಯಲ್ಲಿ ಮೇಲಿನವರು ಅದನ್ನೇ ಹೇಳಿ ನನಗೆ ಬರಬೇಕಾದ ಬಡ್ತಿಯನ್ನು ಬಾಯಿಬಡುಕನೊಬ್ಬನಿಗೆ ಕೊಟ್ಟರು. ಮದುವೆ ಆಗಲಿಲ್ಲ, ಬಡ್ತಿಯೂ ಆಗಲಿಲ್ಲ. ಎರಡಕ್ಕೂ ಒಂದೇ ಪದ ಸಾಕಾಯಿತು.

ಆ ಪದದಿಂದ ನಿಜವಾಗಿ ಬದುಕಿಕೊಂಡವಳು ನನ್ನ ತಮ್ಮನ ಮಗಳು. ತಮ್ಮನ ಸಂಸಾರ ಮೆಹದಿಪಟ್ಟಣಂನಲ್ಲಿದೆ. ಹುಡುಗಿ ಕಾಲೇಜಿಗೆ ಹೋಗುತ್ತಾಳೆ, ಮಾತು ನಮ್ಮಷ್ಟೇ. ಮದುವೆ ಮುಂಜಿ ಅಂದರೆ ಅವಳಿಗೂ ಅವಳ ತಾಯಿಗೂ ದೊಡ್ಡ ರಂಪ. “ನಾಲ್ಕು ಮಂದಿ ಮುಂದ ಮಾತಾಡಾಕ ಬರಂಗಿಲ್ಲ, ನಾಳೆ ಹೋದ ಮನ್ಯಾಗ ಹ್ಯಾಂಗ?” ಅಂತ ತಾಯಿ ಕೂಗಿದರೆ, ಹುಡುಗಿ ಅಳುತ್ತ, “ಅಜ್ಜನೂ ಇಂಟ್ರೋವರ್ಟ್ ಇದ್ದಾರಲ್ಲಾ, ಅವರಿಗೆ ಯಾರೂ ಏನೂ ಅನ್ನಂಗಿಲ್ಲ, ನನಗಷ್ಟೇ ಯಾಕ?” ಅನ್ನುತ್ತಿದ್ದಳು. ನಮ್ಮ ಮನೆಗೆ ಬಂದರೆ ಬಾಲ್ಕನಿಯಲ್ಲಿ ಅಪ್ಪನ ಪಕ್ಕ ಕೂತುಬಿಡುತ್ತಿದ್ದಳು. ಅಪ್ಪ ತನ್ನ ಕುರ್ಚಿಯನ್ನು ಸ್ವಲ್ಪ ಸರಿಸಿ ಅವಳಿಗೆ ಜಾಗ ಮಾಡಿಕೊಡುತ್ತಿದ್ದ. ಇಬ್ಬರೂ ಕೆಳಗಿನ ರಸ್ತೆ ನೋಡುತ್ತ ಸಂಜೆ ಕಳೆಯುತ್ತಿದ್ದರು.

ಈ ಹುಡುಗಿ ಇನ್ನೂ ಚಿಕ್ಕವಳಿದ್ದಾಗಲೇ ಅಪ್ಪ ನಿವೃತ್ತನಾದ. ಇನ್ನು ನಾನೊಬ್ಬಳೇ ಹೋಗಬೇಕು ಅಂತ ನಾನು ಮನಸ್ಸಿನಲ್ಲೇ ಸಂಕಟಪಡುತ್ತಿದ್ದರೆ, ಮಾರನೆಯ ಬೆಳಿಗ್ಗೆ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

“ಎಲ್ಲಿಗ್ರೀ?” ಅಂದಳು ಅವ್ವ.

“ಹಿಂಗ ಬೇಗಂಪೇಟಿ ತನಕ ಹೋಗಿ ಬರ್ತೀನಿ.”

ಬೇಗಂಪೇಟೆಯಲ್ಲಿ ನನ್ನನ್ನು ಇಳಿಸಿ, ತಾನೂ ಇಳಿದು, ಎದುರು ಪ್ಲಾಟ್‌ಫಾರ್ಮಿನಿಂದ ವಾಪಸ್ ಗಾಡಿ ಹಿಡಿದು ಮನೆಗೆ ಬರುತ್ತಿದ್ದ. ಅವನು ಬದುಕಿರುವವರೆಗೂ ಇದು ನಡೆಯಿತು. ಅವ್ವ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಆ ನೋಟದಲ್ಲಿ ಏನಿತ್ತು ಅಂತ ನನಗೆ ಆಗ ತಿಳಿಯಲಿಲ್ಲ. ನಮ್ಮಂಥವರು ಮಾತಿಲ್ಲದೆಯೇ ಎಲ್ಲ ಅರಿಯುತ್ತೇವೆ ಅಂತ ಜಂಬ ಪಡುತ್ತೇವಲ್ಲ, ಅದೂ ಸುಳ್ಳೇ.

ಹೋದ ವರ್ಷ ಒಂದು ಬೆಳಿಗ್ಗೆ ಅಪ್ಪ ಚಪ್ಪಲಿ ಹಾಕಿಕೊಳ್ಳಲು ಬಾಗಿಲ ಬಳಿಯ ಬೆತ್ತದ ಮೋಡಾದ ಮೇಲೆ ಕೂತವನು ಏಳಲಿಲ್ಲ. ಆಂಬುಲೆನ್ಸ್ ಬರುವ ಮೊದಲೇ ಎಲ್ಲ ಮುಗಿದಿತ್ತು. ಹೋಗುವಾಗಲೂ ಏನೂ ಹೇಳಲಿಲ್ಲ.

ಊರಿನಿಂದ ಜನ ಬರುವ ತನಕ ಅಪ್ಪನನ್ನು ಬಾಡಿಗೆಯ ಫ್ರೀಜರ್ ಬಾಕ್ಸಿನಲ್ಲಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ಅವ್ವನ ತಂಗಿ, ನನ್ನ ಚಿಗವ್ವ, ಇನ್ನಷ್ಟು ಹೆಣ್ಣುಮಕ್ಕಳೊಂದಿಗೆ ಬಂದಿಳಿದಳು. ನಮ್ಮ ಕಡೆ ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರನ್ನೇ ಎದುರಿಗೆ ಕೂರಿಸಿಕೊಂಡವರಂತೆ ಅವರ ಗುಣ, ಅವರು ಮಾಡಿದ ಉಪಕಾರ, ಅನ್ಯಾಯ, ಎಲ್ಲವನ್ನೂ ರಾಗ ಎಳೆದು ಹೇಳುತ್ತಾರೆ. ಮನೆಯೊಳಗೆ ವರ್ಷಗಟ್ಟಲೆ ನುಂಗಿಕೊಂಡದ್ದನ್ನು ಹೆಂಗಸರು ಆವತ್ತು ಊರ ಮುಂದೆ ಹೇಳಬಹುದು, ಯಾರೂ ತಡೆಯುವುದಿಲ್ಲ. ಅವ್ವ ಅಪ್ಪನನ್ನು ಬದುಕಿನುದ್ದಕ್ಕೂ ‘ರೀ’ ಅಂತಲೇ ಕರೆದವಳು, ಆವತ್ತು ಬಾಕ್ಸಿನ ಗಾಜಿನ ಮೇಲೆ ಕೆನ್ನೆಯಿಟ್ಟು ಏಕವಚನದಲ್ಲಿ ಶುರುಮಾಡಿದಳು.

“ನನ್ನ ದೊರಿಯೇ, ನನಗ ಒಂದು ಮಾತ ಹೇಳದ ಹೋದ್ಯಲ್ಲೋ... ಇಷ್ಟ ವರ್ಷ ನಿನ್ನ ಬಾಯಿ ನೋಡ್ಕೋಂತ ಕುಂತಿದ್ದೆನಲ್ಲೋ... ಮನಸಿನಾಗಿಂದೆಲ್ಲಾ ಮಗಳ ಮುಂದ ಹೇಳ್ಕೊಂಡ್ಯೋ, ರೈಲಿನ್ಯಾಗ ಕುಂತು ಹೇಳ್ಕೊಂಡ್ಯೋ... ನೌಕರಿ ಮುಗದ್ರೂ ಅಕಿ ಕೂಡ ಮಾತಾಡಾಕ ಹೋದ್ಯೋ... ನನಗ ಏನ ಇಟ್ಟು ಹೋದ್ಯೋ, ನನ್ನ ದೊರಿಯೇ...”

ಅಲ್ಲಿದ್ದ ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು. ಕನ್ನಡ ಬಾರದ ಪಕ್ಕದ ಮನೆಯಾಕೆಯೂ ಅವರೆಲ್ಲ ನೋಡಿದರಲ್ಲ ಅಂತ ನನ್ನನ್ನೇ ನೋಡಿದಳು. ನಾನು ಬಾಕ್ಸಿನ ಪಕ್ಕ ಒಣಗಣ್ಣಿನಲ್ಲಿ ನಿಂತಿದ್ದೆ. ಬಾಯಿ ಬಿಟ್ಟು ಅಳಲು ನನಗೆ ಬರುವುದಿಲ್ಲ. “ತಂದಿ ಎಲ್ಲಾ ಇಕಿ ಮುಂದ ಹೇಳ್ಕೊಂಡು ಹೋಗ್ಯಾನ. ಹೊಟ್ಟಿ ತುಂಬೇತಿ, ಅಳು ಬರವಲ್ದು ಪಾಪ” ಅಂದಳು ಚಿಗವ್ವ.

ಅಂದರೆ ಅವ್ವ ಇಷ್ಟು ವರ್ಷ ಇದನ್ನೇ ನಂಬಿಕೊಂಡಿದ್ದಳು. ಮನೆಯಲ್ಲಿ ಮಾತಾಡದ ಗಂಡ ಎಲ್ಲೋ ಮಾತಾಡುತ್ತಲೇ ಇರಬೇಕು, ಮನುಷ್ಯ ಅಂದ ಮೇಲೆ ಮಾತು ಎಲ್ಲಿಯಾದರೂ ಹೊರಗೆ ಬರಲೇಬೇಕು ಅನ್ನುವುದು ಅವಳ ಲೆಕ್ಕ. ಅದು ಟ್ರೇನಿನಲ್ಲಿ ಮಗಳ ಮುಂದೆ ಬರುತ್ತಿದೆ. ಹೋಗಲಿ, ಬೇರೆ ಯಾರ ಮುಂದೆಯೋ ಅಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡು, ಒಳಗೊಳಗೇ ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತ, ದಿನಾ ಬೆಳಿಗ್ಗೆ ನಮ್ಮಿಬ್ಬರಿಗೂ ಡಬ್ಬಿ ಕಟ್ಟಿ ಕೊಡುತ್ತಿದ್ದಳು.

ದಿನಕರ್ಮಗಳು ಮುಗಿದು ನೆಂಟರು ಹೋದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರು. ಸಂಜೆ ನಾನು ಕಚೇರಿಯಿಂದ ಬಂದು ಕೂತರೆ ಅವ್ವ ಚಹಾ ತಂದು ಎದುರಿಗೆ ಕೂರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ, ಕಾಯುತ್ತಿದ್ದಳು. ಕೊನೆಗೊಂದು ದಿನ ಕೇಳಿಯೇಬಿಟ್ಟಳು.

“ಅವರು ಏನೇನು ಹೇಳ್ತಿದ್ರು?”

“ಯಾವಾಗವ್ವಾ?”

“ಗಾಡ್ಯಾಗ. ನಿನ್ನ ಮುಂದ.”

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಏನೂ ಇಲ್ಲವ್ವಾ. ನಾವು ಮಾತಾಡ್ತಿರಲಿಲ್ಲ. ಸುಮ್ನ ಕುಂತಿರ್ತಿದ್ವಿ.”

ಅವ್ವ ಮೊದಲು ನಕ್ಕಳು. “ಇಷ್ಟ ವರ್ಷ? ಸುಮ್ನ?” ಆಮೇಲೆ ಅವಳ ಮುಖ ಕಪ್ಪಿಟ್ಟಿತು. “ಸುಮ್ನ ಕುಂದ್ರಾಕ ಯಾರರ ದಿನಾ ಗಾಡಿ ಹತ್ತಿ ಹೋಗ್ತಾರೇನಬೇ? ನನ್ನ ಗಂಡನ ಮಾತು ನನಗ ಹೇಳಾಕ ನಿನಗ ಮನಸಿಲ್ಲ. ಇಂಟ್ರೋವರ್ಟ್ ಅಂತ ಇಂಟ್ರೋವರ್ಟ್! ಇದ್ದದ್ದನ್ನ ಹಂಚಿಕೊಳ್ಳಾಕ ಬ್ಯಾಡಾದವ್ರಿಗೆ ಒಂದು ಇಂಗ್ಲೀಷ್ ಹೆಸರು.”

ನಾನು ವಿವರಿಸಲು ನೋಡಿದೆ. ಅಪ್ಪ ಶಟರ್ ಇಳಿಸುತ್ತಿದ್ದ, ಗದ್ದ ಎತ್ತಿ ಸೂಚಿಸುತ್ತಿದ್ದ ಅಂತ ಹೇಳಿದೆ. ಹೇಳುತ್ತಿದ್ದ ಹಾಗೆ ನನಗೇ ಅವು ಬಡ ಬಡವಾಗಿ ಕೇಳಿಸಿದವು. ಅವ್ವನಿಗೆ ಬೇಕಾಗಿದ್ದದ್ದು ಶಟರ್ ಅಲ್ಲ. ಅಷ್ಟು ವರ್ಷ ತಾನು ಬಾಳಿದ ಮನುಷ್ಯ ಮನಸ್ಸಿನಲ್ಲಿ ತನ್ನನ್ನು ಹೇಗೆ ಇಟ್ಟುಕೊಂಡಿದ್ದ ಅನ್ನುವುದು ಅವಳಿಗೆ ಬೇಕಾಗಿತ್ತು. ಅದು ನನ್ನ ಹತ್ತಿರ ಇರಲಿಲ್ಲ.

ಅವ್ವ ನನ್ನ ಜೊತೆ ಮಾತು ಬಿಟ್ಟಳು. ಅವಳು ಮಾತು ಬಿಡುವುದು ಅಂದರೆ ಉಸಿರು ಬಿಟ್ಟ ಹಾಗೆಯೇ. ಆಮೇಲೆ ಊಟವನ್ನೂ ಕಡಿಮೆ ಮಾಡಿದಳು. ರೊಟ್ಟಿ ಮುರಿದು ತಟ್ಟೆಯ ಅಂಚಿಗೆ ಇಟ್ಟು ಎದ್ದುಬಿಡುತ್ತಿದ್ದಳು. ಕೈಯಲ್ಲುಳಿದಿದ್ದ ಚಿನ್ನದ ಬಳೆ ಮೊಣಕೈ ತನಕ ಜಾರುವಷ್ಟು ಸೊರಗಿದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ದೇಹಕ್ಕೇನೂ ಆಗಿಲ್ಲ, ಯಾರಾದರೂ ಇವರ ಜೊತೆ ಮಾತಾಡುತ್ತಾ ಇರಿ ಅಂದರು. ನನ್ನ ತಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕಾ, ಅಪ್ಪ ಏನರ ಹೇಳಿದ್ರ ಅವ್ವನ ಮುಂದ ಹೇಳಿಬಿಡು. ಹಿಂಗಾದ್ರ ಅಕಿ ಉಳಿಯಂಗಿಲ್ಲ” ಅಂದ. ಅವನೂ ನಂಬಿದ್ದ. ಇಡೀ ಮನೆಯೇ ನಂಬಿತ್ತು.

ನಾನು ಹೆದರಿದೆ. ಅಪ್ಪನನ್ನು ಕಳೆದುಕೊಂಡ ಬೆನ್ನಿಗೇ ಅವ್ವನೂ ಹೋದರೆ ಅನ್ನುವ ಹೆದರಿಕೆ ನನ್ನ ಬಾಯಿ ತೆರೆಸಿತು. ಆವತ್ತು ಸಂಜೆ ಅಡುಗೆಮನೆಯಲ್ಲಿ ಅವ್ವನ ಜೊತೆ ಕೂತು ಪುಂಡಿ ಸೊಪ್ಪು ಬಿಡಿಸುತ್ತ, ಅವಳ ಮುಖ ನೋಡದೆ ಅಂದೆ. “ನೀ ಮಾಡೋ ಪುಂಡಿಪಲ್ಯ ಯಾರಿಗೂ ಬರಂಗಿಲ್ಲ ಅಂತಿದ್ದ ಅಪ್ಪ.”

ಅವ್ವನ ಕೈ ನಿಂತಿತು. “ಯಾವಾಗ ಅಂದ್ರು?”

“ಭಾಳ ಸಲ ಅಂದಾನ. ಬೋರಬಂಡಾ ದಾಟಿದ ಮ್ಯಾಲ, ಗದ್ದಲ ಕಡಿಮಿ ಆದಾಗ.”

ಬೋರಬಂಡಾ ದಾಟಿದ ಮೇಲೆ ಗದ್ದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆ ಗಾಡಿಯಲ್ಲಿ ಬೆಳಗಿನ ಹೊತ್ತು ಒಮ್ಮೆಯೂ ಹೋಗದ ಅವ್ವನಿಗೆ ಅದು ಗೊತ್ತಿರಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪಲ್ಯ ಮಾಡಿದಳು, ಒಂದು ರೊಟ್ಟಿ ಪೂರ್ತಿ ತಿಂದಳು. ಕೈ ತೊಳೆದು ಬಂದು ಕೇಳಿದಳು. “ಮತ್ತೇನಂತಿದ್ರು?”

ಅಲ್ಲಿಂದ ಶುರುವಾಯಿತು. ಪ್ರತಿ ಸಂಜೆ ಚಹಾ, ಪ್ರತಿ ಸಂಜೆ ಮತ್ತೇನಂತಿದ್ರು. ಮೊದಮೊದಲು ನಾನು ಚಿಕ್ಕ ಚಿಕ್ಕ ಮಾತುಗಳನ್ನು ಕೊಟ್ಟೆ. ನಿನ್ನ ಕಾಲುನೋವಿನ ಚಿಂತೆ ಮಾಡುತ್ತಿದ್ದ. ನೀನು ಬಾಗಿಲಲ್ಲಿ ನಿಂತದ್ದನ್ನು ತಿರುವಿನ ತನಕ ತಿರುಗಿ ನೋಡುತ್ತಿದ್ದ. ಅವ್ವನಿಗೆ ಅಷ್ಟು ಸಾಲಲಿಲ್ಲ, ಅವಳೇ ಕೇಳಿ ಕೇಳಿ ಎಳೆಯತೊಡಗಿದಳು. “ಮದುವಿ ದಿನದ ಸುದ್ದಿ ಏನರ ತೆಗೀತಿದ್ರೇನ? ನಾ ಹಸರು ಸೀರಿ ಉಟ್ಟಿದ್ದೆ.” ನಾನು, ಹೌದು, ಆ ಹಸಿರು ಸೀರೆಯನ್ನು ಅಪ್ಪ ಮರೆತೇ ಇರಲಿಲ್ಲ ಅಂದೆ. “ತವರಿಗೆ ಹೋದ್ರ ಬ್ಯಾಸರ ಆಗ್ತಿತ್ತಂತೇನ ಅವರಿಗೆ?” ಮನೆಯೆಲ್ಲ ಭಣಭಣ ಅನ್ನುತ್ತದೆ ಅಂತಿದ್ದ ಅಂದೆ. ಬಾಯಿ ಸತ್ತಾಕಿಯ ಬಾಯಿಂದ ಮಾತುಗಳು ಹರಿದು ಬಂದವು. ಇಷ್ಟು ಮಾತು ನನ್ನೊಳಗೆ ಎಲ್ಲಿದ್ದವೋ ನನಗೇ ಗೊತ್ತಿಲ್ಲ.

ಅವ್ವ ಚೇತರಿಸಿಕೊಂಡಳು. ಮುಖಕ್ಕೆ ಕಳೆ ಬಂತು. ಚಿಗವ್ವನಿಗೆ ಫೋನ್ ಮಾಡಿ, “ದಿನಾ ನನ್ನ ಸುದ್ದೀನ ಅಂತ ಅವರ ಬಾಯಾಗ, ಕೇಳ್ತಿಯೇನ?” ಅಂತ ಗಂಟೆಗಟ್ಟಲೆ ಹೇಳುತ್ತಿದ್ದಳು. ನಾನು ಕೊಟ್ಟ ಒಂದು ಮಾತಿಗೆ ಅವಳು ಹತ್ತು ಸೇರಿಸುತ್ತಿದ್ದಳು. ಇನ್ನೊಂದು ಕೋಣೆಯಲ್ಲಿ ಕೂತು ನಾನು ಕೇಳಿಸಿಕೊಳ್ಳುತ್ತಿದ್ದೆ. ತಮಾಷೆ ಮಾಡುವ, ಹೆಂಡತಿಯನ್ನು ಹೊಗಳುವ, ಹಳೆಯದನ್ನೆಲ್ಲ ನೆನೆಸಿಕೊಳ್ಳುವ ಒಬ್ಬ ಗಂಡಸು ಆ ಫೋನಿನಲ್ಲಿ ಬೆಳೆಯುತ್ತಿದ್ದ. ಒಳ್ಳೆಯವನೇ, ಆದರೆ ನನಗೆ ಪರಿಚಯವಿಲ್ಲದವನು.

ಬೆಳಿಗ್ಗೆ ಟ್ರೇನಿನಲ್ಲಿ ಈಗ ನಾನೊಬ್ಬಳೇ. ಅಪ್ಪ ಹೋದ ಹೊಸದರಲ್ಲಿ ಕಿಟಕಿಗೆ ತಲೆಯಾನಿಸಿ ಕೂತರೆ ಅವನು ಪಕ್ಕದಲ್ಲಿದ್ದಾನೆ ಅನ್ನಿಸುತ್ತಿತ್ತು. ಹಳೆಯ ಆ ಸುಮ್ಮನಿರುವಿಕೆ ಹಾಗೇ ಇತ್ತು, ನಾನು ಅದರೊಳಗೆ ಹೋಗಿ ಕೂರುತ್ತಿದ್ದೆ. ಈಗ ಚಂದಾನಗರ ಬರುವ ಮೊದಲೇ, ಸಂಜೆಗೆ ಅವ್ವನಿಗೆ ಏನು ಹೇಳಲಿ ಅಂತ ಹುಡುಕಾಟ ಶುರುವಾಗುತ್ತದೆ. ಹಫೀಜ್‌ಪೇಟೆಗೆ ಒಂದು ಮಾತು, ಹೈಟೆಕ್ ಸಿಟಿಗೆ ಒಂದು ಮಾತು ಹೊಂದಿಸುತ್ತೇನೆ. ಪಕ್ಕದಲ್ಲಿ ಕೂತ ಅಪ್ಪ ಪಟಪಟ ಮಾತಾಡುತ್ತಾನೆ, ಅದೂ ನನ್ನ ದನಿಯಲ್ಲಿ. ಸುಮ್ಮನೆ ಕೂತಿದ್ದ ಅಪ್ಪನ ಮುಖವನ್ನು ನೆನೆಸಿಕೊಳ್ಳಲು ನೋಡಿದರೆ ಅವನ ತುಟಿಗಳು ಅಲ್ಲಾಡುತ್ತಿರುತ್ತವೆ. ಇದನ್ನು ಯಾರಿಗೆ ಹೇಳಲಿ? ನನಗೆ ಅಳು ಬರುವುದು ಈಗ, ಅಷ್ಟು ಜನರ ನಡುವೆ.

ಮೊನ್ನೆ ಅಪ್ಪನ ವರ್ಷದ ಪೂಜೆ ಮಾಡಿದೆವು. ಊರಿನಿಂದ ಚಿಗವ್ವ ಬಂದಿದ್ದಳು, ತಮ್ಮನ ಮನೆಯವರೆಲ್ಲ ಬಂದಿದ್ದರು. ಊಟವಾದ ಮೇಲೆ ಎಲ್ಲರೂ ಹಾಲಿನಲ್ಲಿ ಕೂತಿದ್ದಾಗ ತಮ್ಮನ ಮಗಳು ಎದ್ದು ನಿಂತಳು. ತಾನಾಗಿಯೇ ಎದ್ದು ಮಾತಾಡುವುದು ಅಂದರೆ ಅವಳಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕೈಬೆರಳು ಹಿಚುಕಿಕೊಳ್ಳುತ್ತ ಅಂದಳು. “ನಾ ಅಜ್ಜನ ಬಗ್ಗೆ ಒಂದು ಮಾತು ಹೇಳ್ತೀನಿ. ಅಜ್ಜ ಇಂಟ್ರೋವರ್ಟ್ ಇದ್ರು. ನನಗೂ ಅವರದೇ ಬಂದೈತಿ. ಎಲ್ಲರೂ ನನ್ನ ಬೈತಾರ, ಆದ್ರ ಅಜ್ಜನ್ನ ನೋಡಿದ್ರ ನನಗ ಪರವಾಗಿಲ್ಲ ಅನಿಸ್ತಿತ್ತು. ಮಾತಾಡದವ್ರೂ ಒಳ್ಳೇರಿರ್ತಾರ ಅಂತ.”

ಅವ್ವ ಗೋಡೆಗೆ ಒರಗಿ ಕೂತಿದ್ದವಳು ನೆಟ್ಟಗಾದಳು. “ಯಾರಂದ್ರು ಹಂಗಂತ? ನಿಮ್ಮಜ್ಜ ಹಂಗ ಇರಲಿಲ್ಲ. ಭಾಳ ಮಾತಾಡೋರು. ಮನ್ಯಾಗ ಮಂದಿ ಅಂತ ಸಂಕೋಚ, ಗಾಡ್ಯಾಗ ಕುಂತ್ರ ಮುಗೀತು, ಬಾಯಿ ಮುಚ್ಚತಿರಲಿಲ್ಲಂತ. ಬೇಕಾದ್ರ ಕೇಳು ನಿಮ್ಮತ್ತೀನ್ನ.” ಹಾಗೆ ಹೇಳುತ್ತಲೇ ಪಕ್ಕದಲ್ಲಿದ್ದ ನನ್ನ ಮುಂಗೈ ಹಿಡಿದುಕೊಂಡಳು.

ಎಲ್ಲರೂ ನನ್ನ ಕಡೆ ತಿರುಗಿದರು. ಹುಡುಗಿಯೂ ನೋಡಿದಳು. ನಾನು ಇಲ್ಲ ಅನ್ನುತ್ತೇನೆ ಅಂತ ಅವಳಿಗೆ ಭರವಸೆ ಇತ್ತು. ಅಪ್ಪ ಹೇಗಿದ್ದ ಅಂತ ಈ ಭೂಮಿಯ ಮೇಲೆ ಬಲ್ಲವರು ನಾನೂ ಅವಳೂ ಇಬ್ಬರೇ. ಅವ್ವನ ಹಿಡಿತ ಬಿಗಿಯಾಯಿತು. ವರ್ಷದ ಹಿಂದೆ ಎಲುಬಾಗಿದ್ದ ಕೈ ಈಗ ತುಂಬಿಕೊಂಡು ಬೆಚ್ಚಗಿತ್ತು.

“ಹೌದು. ಭಾಳ ಮಾತಾಡ್ತಿದ್ದ” ಅಂದೆ.

ಅವ್ವ ತಲೆಯೆತ್ತಿ ಎಲ್ಲರನ್ನೂ ಒಮ್ಮೆ ನೋಡಿದಳು. “ನೋಡಿದಿಯೇನ?” ಅಂದಳು ಚಿಗವ್ವನಿಗೆ. ತಮ್ಮನ ಹೆಂಡತಿ ಮಗಳ ಕಡೆ ತಿರುಗಿ, “ಕೇಳಿದಿಲ್ಲ? ಇನ್ನರ ನಾಲ್ಕು ಮಂದ್ಯಾಗ ಬೆರಿಯೋದು ಕಲಿ” ಅಂದಳು. ಹುಡುಗಿ ಮೆಲ್ಲಗೆ ಕೂತಳು. ಎಲ್ಲರೂ ಮತ್ತೆ ತಮ್ಮ ತಮ್ಮ ಮಾತಿಗೆ ತೊಡಗಿದ ಮೇಲೆ ಅವಳು ನನ್ನ ಹತ್ತಿರ ಸರಿದು, ಯಾರಿಗೂ ಕೇಳಿಸದ ಹಾಗೆ ಕೇಳಿದಳು.

“ಹಂಗಾದ್ರ ಹಿಂಗಿರಾಕಿ ನಾನೊಬ್ಬಾಕೀನ ಏನತ್ತಿ?”

ಅವ್ವ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.